ಮೊಟ್ಟೆಯ ಸಾಲು, ಬಾಳೆಹಣ್ಣಿನ ಸಾಲು

ದೂರದ ಊರಿನಲ್ಲಿ ಹೋಟೆಲಿಗೆ ಹೋದರೆ ನಾವು ಮೊದಲು ಕೇಳುವುದೇನು? ಕೋಳಿ ಹಲಾಲಾ, ಕೊಯ್ದದ್ದು ಯಾರು, ಇದೇ ಎಣ್ಣೆಯಲ್ಲಿ ಬೇರೇನಾದರೂ ಕರಿದಿದ್ದೀರಾ. ಕೇಳಲಿಕ್ಕೆ ನಮಗೆ ನಾಚಿಕೆ ಇಲ್ಲ, ಇರಬೇಕಾಗಿಯೂ ಇಲ್ಲ. ವಿದೇಶದಿಂದ ಮಿಠಾಯಿ ಬಂದರೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರದಲ್ಲಿ ಜೆಲಾಟಿನ್ ಉಂಟಾ ಎಂದು ಹುಡುಕುವುದನ್ನು ಈಗ ನಮ್ಮ ಮಕ್ಕಳೂ ಕಲಿತಿದ್ದಾರೆ.

ಇಂಥದ್ದೇ ಪ್ರಶ್ನೆಯನ್ನು ಬೇರೆ ಮನೆಯ ತಾಯಿಯೊಬ್ಬಳು ಶಾಲೆಯ ಬಾಗಿಲಲ್ಲಿ ನಿಂತು ಕೇಳಿದರೆ? 'ಮೊಟ್ಟೆ ಬೇಯಿಸಿದ ಪಾತ್ರೆಯಲ್ಲೇ ನನ್ನ ಮಗನ ಸಾರು ಮಾಡಿದ್ದಾ?' ಎಂದು ಕೇಳಿದರೆ ನಮ್ಮಲ್ಲಿ ಕೆಲವರಿಗೆ ನಗು ಬರುತ್ತದೆ. ಒಂದು ಮೊಟ್ಟೆಗೆ ಇಷ್ಟು ರಗಳೆಯಾ ಎನ್ನುತ್ತೇವೆ. ಈ ವಾರ ಆ ನಗುವಿನ ಬಗ್ಗೆಯೇ ಸ್ವಲ್ಪ ಮಾತಾಡಲಿಕ್ಕಿದೆ.

ಮಾತಾಡಲಿಕ್ಕೆ ವಿಜಯಪುರದಷ್ಟು ಸರಿಯಾದ ಜಾಗ ಬೇರೆ ಇಲ್ಲ. ಕರಾವಳಿಯ ನಮಗೆ ಅದು ದೂರದ ಊರು ನಿಜ. ಆದರೆ ನಮ್ಮ ತುಪ್ಪದನ್ನಕ್ಕೆ ಬೀಳುವ ಒಣದ್ರಾಕ್ಷಿ ತಿಕೋಟಾ, ಬಬಲೇಶ್ವರ ಕಡೆಯ ತೋಟದ್ದೂ ಇದ್ದೀತು. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಹೋದ ನಮ್ಮವರ ಮಕ್ಕಳು ಅಂಥ ಊರುಗಳ ಶಾಲೆಗಳಲ್ಲೇ ಕಲಿಯುತ್ತಿದ್ದಾರೆ. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ಮರುವರ್ಷ, 2002ರ ಜೂನಿನಲ್ಲಿ ರಾಜ್ಯ ಸರಕಾರ 'ಅಕ್ಷರ ದಾಸೋಹ'ವನ್ನು ಮೊದಲು ಶುರು ಮಾಡಿದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ಅದರಲ್ಲಿ ವಿಜಯಪುರವೂ ಇತ್ತು. ದಾಸೋಹ ಎಂಬುದು ಶರಣರ ಮಾತು, ಬಸವಣ್ಣನವರ ಬಸವನ ಬಾಗೇವಾಡಿ ಇರುವುದೂ ಅದೇ ಜಿಲ್ಲೆಯಲ್ಲಿ. ಬಂದವರಿಗೆಲ್ಲ ಊಟ ಹಾಕುವುದು ಆ ಮಣ್ಣಿನವರಿಗೆ ಸರಕಾರ ಕಲಿಸಿದ್ದಲ್ಲ.

ಮೊಟ್ಟೆ ಬಂದದ್ದು 2021ರ ಡಿಸೆಂಬರ್ 1ರಂದು. ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರದಲ್ಲಿ ಮೊದಲು ಕೊಟ್ಟು ನೋಡಿದರು. ಬೇಡ ಎನ್ನುವವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಗಲಾಟೆಯೂ ಆಯಿತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು, 2023ರಲ್ಲಿ ಹತ್ತನೆಯ ತರಗತಿವರೆಗೆ ಹೋಯಿತು. 2024ರಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನ ಆಯಿತು.

ನಾವು ಮೊಟ್ಟೆಯ ಪರ. ಇದರಲ್ಲಿ ಮುಚ್ಚುಮರೆ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು ಶಾಲೆಗೆ ಬರುವ ಮಗುವಿಗೆ ಮೊಟ್ಟೆ ಎಂದರೆ ಏನು ಎಂದು ಹೊಟ್ಟೆ ತುಂಬಿದವರು ತೀರ್ಮಾನಿಸುವುದು ಬೇಡ. ಒಂದು ಮನೆಯವರಿಗೆ ಆಗುವುದಿಲ್ಲ ಎಂದು ಇನ್ನೊಂದು ಮನೆಯ ಮಗುವಿನ ತಟ್ಟೆಯಿಂದ ತೆಗೆಯುವುದು ನ್ಯಾಯವಲ್ಲ.

ಆದರೆ ನ್ಯಾಯದ ಮಾತು ಅಲ್ಲಿಗೇ ಮುಗಿಯುವುದಿಲ್ಲ. 2025ರ ಜುಲೈಯಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಶಾಲೆಯೊಳಗೆ ಮೊಟ್ಟೆ ಬೇಯಿಸುವುದು ಬೇಡ ಎಂದು ಹಲವು ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡು ಹೋದರು. ಅವರು ಮಾಡಿದ್ದು ಸರಿ ಎಂದು ನಾವು ಹೇಳುವುದಿಲ್ಲ. ಆದರೂ ಪಾತ್ರೆಯ ಬಗ್ಗೆ, ಸೌಟಿನ ಬಗ್ಗೆ ಒಂದು ಮನೆಗೆ ಇರುವ ಆತಂಕ ನಮಗೆ ಅರ್ಥವಾಗದಿದ್ದರೆ ಮತ್ತೆ ಯಾರಿಗೆ ಅರ್ಥವಾಗಬೇಕು ಮಾರಾಯ್ರೆ?

ಫ್ರಾನ್ಸಿನಲ್ಲಿ ಶಾಲೋನ್ ಎಂಬ ನಗರ ಉಂಟು. ಅಲ್ಲಿಯ ಶಾಲೆಗಳಲ್ಲಿ ಹಂದಿಮಾಂಸ ಇದ್ದ ದಿನ ಮುಸ್ಲಿಂ ಮತ್ತು ಯಹೂದಿ ಮಕ್ಕಳಿಗೆ ಬೇರೆ ಊಟ ಕೊಡುವ ಕ್ರಮ 1984ರಿಂದ ಇತ್ತು. 2015ರಲ್ಲಿ ಮೇಯರ್ ಅದನ್ನು ನಿಲ್ಲಿಸಿದರು. ಎಲ್ಲರಿಗೂ ಒಂದೇ, ಬೇಡವಾದವರು ಬಿಡಲಿ ಎಂಬ ವಾದ. ಕೇಸು ಉನ್ನತ ಆಡಳಿತ ನ್ಯಾಯಾಲಯದವರೆಗೆ ಹೋಯಿತು. ಹೀಗೆ ಬೇರೆ ಊಟ ಕೊಡಲೇಬೇಕೆಂದಿಲ್ಲ, ಆದರೆ ಕೊಟ್ಟರೆ ಜಾತ್ಯತೀತತೆಗೆ ಭಂಗವೂ ಇಲ್ಲ ಎಂದು 2020ರ ಡಿಸೆಂಬರಿನಲ್ಲಿ ತೀರ್ಪು ಬಂತು. ಆ ಮಕ್ಕಳ ಸುದ್ದಿ ಕೇಳಿದರೆ ನಮಗೆ ಸಂಕಟ ಆಗುತ್ತದೆ. ತಿಕೋಟಾದ ಶಾಲೆಯಲ್ಲಿ ಲಿಂಗಾಯತ ಮನೆಯದೋ ಜೈನರ ಮನೆಯದೋ ಒಂದು ಮಗು ಬಾಳೆಹಣ್ಣಿನ ಸಾಲಿನಲ್ಲಿ ಒಂಟಿಯಾಗಿ ನಿಂತರೆ ಆಗುವುದೂ ಅದೇ ಸಂಕಟ. 'ಏ ಬಾಳೆಹಣ್ಣು' ಎಂದು ಅದನ್ನು ಕರೆಯುವ ಬಾಯಿ ನಮ್ಮ ಮನೆಯದ್ದು ಆಗಬಾರದು. ಪ್ರವಾದಿ(ಸ) ಯಾವತ್ತೂ ಊಟಕ್ಕೆ ಹೆಸರಿಟ್ಟವರಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು ಎಂದು ಸಹೀಹ್ ಹದೀಸುಗಳಲ್ಲಿ ಬಂದಿದೆ. ಮದ್ರಸದಲ್ಲಿ ಇದನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಬಿಸಿಯೂಟದ ಸಾಲಿನಲ್ಲಿ ನೆನಪಾಗುತ್ತದೆಯೇ ಎಂಬುದು ಉಮ್ಮಂದಿರು ಮನೆಯಲ್ಲಿ ಕೇಳಬೇಕಾದ ಪ್ರಶ್ನೆ.

ಇನ್ನೊಂದು ಲೆಕ್ಕ ಉಂಟು, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್. ಒಂದು ಬಾಳೆಹಣ್ಣಿನಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಂ. ಅಂದರೆ ಮನೆಯ ನಂಬಿಕೆ ಪಾಲಿಸಿದ ಮಗುವಿಗೆ ಪ್ರತಿ ದಿನ ನಷ್ಟ. ನಡುವೆ ಶೇಂಗಾ ಚಿಕ್ಕಿ ಕೊಡುತ್ತಿದ್ದರು, ಅದನ್ನೂ ಕೈಬಿಟ್ಟರು. ಬೆಲ್ಲ ಹೆಚ್ಚು, ಗುಣಮಟ್ಟ ಇಲ್ಲ ಎಂದಾದರೆ ಚಿಕ್ಕಿ ಬೇಡ ಬಿಡಿ, ಶೇಂಗಾ ಏನು ತಪ್ಪು ಮಾಡಿತು? ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಮೊಟ್ಟೆಗಿಂತ ಕಡಿಮೆಯೇನೂ ಪ್ರೊಟೀನ್ ಇಲ್ಲ. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಬೆಳೆದ ವಿಜಯಪುರದವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಹುರಿದ ಶೇಂಗಾ, ಕಡಲೆ, ಹೆಸರುಕಾಳಿನ ಉಸುಳಿ, ಯಾವುದಾದರೂ ಆದೀತು. ಬಾಳೆಹಣ್ಣಿನ ಜೊತೆಗೆ ಇದೂ ಬೇಕು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಎದ್ದು ಹೇಳುವವರು ಮೊಟ್ಟೆ ತಿನ್ನುವ ಮಕ್ಕಳ ತಂದೆತಾಯಿ ಆಗಿರಲಿ. ನಮ್ಮ ಮಗುವಿಗೆ ತೊಂದರೆ ಇಲ್ಲ, ನಮಗೇನು ಎಂದು ಸಭೆಗೆ ಹೋಗದೆ ಅಂಗಡಿಯಲ್ಲಿ ಕುಳಿತುಕೊಳ್ಳುವುದು ನಮ್ಮವರ ಹಳೇ ಅಭ್ಯಾಸ.

ಖಾಸಗಿ ಶಾಲೆಗಳ ಕಥೆ ಬೇರೆ. ಟಿಫಿನ್ ಡಬ್ಬಿಯಲ್ಲಿ ಮೊಟ್ಟೆ, ಮೀನು ತರಬಾರದು ಎಂಬ ನಿಯಮ ಕೆಲವು ಕಡೆ ಉಂಟು. ನಿಯಮ ಇದ್ದರೆ ಪಾಲಿಸೋಣ, ಪಲ್ಯ ಚಪಾತಿ ಕಟ್ಟಿಕೊಟ್ಟರೆ ನಮ್ಮ ದೀನ್‌ಗೆ ಏನೂ ಆಗುವುದಿಲ್ಲ. ಆದರೆ ಇಡೀ ತರಗತಿಯ ಎದುರು ಒಂದು ಮಗುವಿನ ಡಬ್ಬಿ ಬಿಚ್ಚಿಸಿ ಮೂಸಿ ನೋಡುವುದು ನಿಯಮವಲ್ಲ, ಅವಮಾನ. ಅದನ್ನು ಆಡಳಿತ ಮಂಡಳಿಯ ಎದುರು ಕುಳಿತು, ದನಿ ಏರಿಸದೆ ಹೇಳಲೇಬೇಕು. ಹೇಳುವಾಗ ಬಾಳೆಹಣ್ಣಿನ ಮಗುವಿನ ಪರ ನಾವು ಮಾತಾಡಿದ್ದು ಊರಿಗೆ ಗೊತ್ತಿದ್ದರೆ ನಮ್ಮ ಮಾತಿಗೂ ತೂಕ ಬರುತ್ತದೆ.

ಇನ್ನು ಪಾತ್ರೆಯ ವಿಷಯ. ಮುಂದಿನ ಸಲ ಮಗುವಿನ ಶಾಲೆಗೆ ಹೋದಾಗ ಅಡುಗೆಯ ಅಕ್ಕನವರನ್ನು ಕೇಳಿ, ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು ಉಂಟಾ ಎಂದು. ಇಲ್ಲ ಎಂದರೆ ಅನುದಾನ ಬರಲಿ ಎಂದು ಕಾಯಬೇಕಾಗಿಲ್ಲ. ಒಂದು ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಡುವ ಶಕ್ತಿ ನಮ್ಮ ಯಾವ ಜಮಾಅತಿಗೂ ಉಂಟು. ಮಸೀದಿಯ ನೇರ್ಚೆಯ ಹಳೇ ಪಾತ್ರೆ ಬೇಡ, ಹೊಸದೇ ಕೊಡಿ.