‘ಅಗೆಯುವ ಮುನ್ನ ಕೇಳಿ’ ಸರಿ, ಅಗೆಯುವವರಿಗೆ ಕಲಿಸೋದು ಯಾವಾಗ?

2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಜಲಮಂಡಳಿ ಕಾಮಗಾರಿಗೆ ನೆಲ ಅಗೆಯುವಾಗ ಗ್ಯಾಸ್ ಪೈಪಿಗೆ ಪೆಟ್ಟು ಬಿತ್ತು. ಸೋರಿದ ಅನಿಲ ಪಕ್ಕದ ಮನೆಯಲ್ಲಿ ಸ್ಫೋಟಿಸಿ ಇಬ್ಬರು ಗಾಯಗೊಂಡರು. ಅದೇ ತಿಂಗಳ 22ರಂದು ದಿಲ್ಲಿಯಲ್ಲಿ ಪ್ರಧಾನಿ ಮೋದಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿದರು.

ಐಡಿಯಾ ಒಳ್ಳೆಯದೇ. ಎಲ್ಲಿ ಅಗೆಯುತ್ತೇವೆ ಅಂತ ಆ್ಯಪ್‌ನಲ್ಲಿ ತಿಳಿಸಿದರೆ, ಅಲ್ಲಿ ಕೇಬಲ್ಲು, ಪೈಪು ಹೂತಿರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಬೇಕಾಬಿಟ್ಟಿ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಕೇಂದ್ರ ಸರ್ಕಾರವೇ ಆಗ ಹೇಳಿತ್ತು. ಆದರೆ ಈ ವಿನಿಮಯವೆಲ್ಲ ಅರ್ಜಿ ಹಾಕುವವರ, ಉತ್ತರ ಕೊಡುವವರ ಫೋನಿನಲ್ಲಿ. ಗುಂಡಿಗೆ ಇಳಿಯುವವರಲ್ಲಿ ಬಹಳಷ್ಟು ಮಂದಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು. ಅವರಿಗೆ ಸಿಗೋದು ಒಂದು ಸುಣ್ಣದ ಗೆರೆ, ‘ಇಲ್ಲಿಂದ ಅಲ್ಲಿವರೆಗೆ ತೆಗೀರಿ’ ಅನ್ನೋ ಒಂದು ಮಾತು.

ನೆಲದಡಿ ಏನಿದೆ ಅಂತ ಪತ್ತೆ ಹಚ್ಚೋದೇ ಒಂದು ಕಸುಬು. ಕೈಯಲ್ಲಿ ಹಿಡಿದು ನಡೆಯುವ ಲೊಕೇಟರ್ ಲೋಹವಿದ್ದರಷ್ಟೇ ಸುಳಿವು ಕೊಡುತ್ತದೆ. ಗ್ಯಾಸಿನ ಪ್ಲಾಸ್ಟಿಕ್ ಪೈಪಿನ ಜೊತೆ ತಂತಿ ಎಳೆದಿರದಿದ್ದರೆ ಅದರ ಮೇಲೇ ನಡೆದರೂ ಮೆಷಿನ್ ಸುಮ್ಮನಿರುತ್ತೆ. ಹಗಲಲ್ಲಿ ಆರಿಸಿಟ್ಟ ಬೀದಿದೀಪದ ಕೇಬಲ್ಲೂ ಹಾಗೇ, ‘ಪವರ್’ ಮೋಡ್‌ನಲ್ಲಿ ಪತ್ತೆಯಾಗದೆ ಹೋಗಬಹುದು. ಸಂಜೆ ಅದರಲ್ಲೇ ಕರೆಂಟು ಹರಿಯುತ್ತೆ. ರಾಡಾರ್ ಯಂತ್ರಕ್ಕೆ ಪ್ಲಾಸ್ಟಿಕ್ಕೂ ಕಾಣುತ್ತದೆ, ಆದರೆ ಮಳೆಗೆ ನೆನೆದ ಜೇಡಿಮಣ್ಣಿನಲ್ಲಿ ಅದರ ದೃಷ್ಟಿ ಮಂಜು. ಅಂದರೆ ಮೆಷಿನ್ ಕೂಗಲಿಲ್ಲ ಅಂದ ಮಾತ್ರಕ್ಕೆ ಕೆಳಗೆ ಏನೂ ಇಲ್ಲ ಅಂತಲ್ಲ. ಕಲಿಸಬೇಕಾದ ಮೊದಲ ಪಾಠ ಇದೇ. ನಕ್ಷೆ ನೋಡಿ, ಲೊಕೇಟರ್ ಓಡಿಸಿ, ಆಮೇಲೂ ಗುರುತಿನ ಹತ್ತಿರ ಜೆಸಿಬಿ ನಿಲ್ಲಿಸಿ ಕೈಯಿಂದ ಪರೀಕ್ಷಾ ಗುಂಡಿ ತೆಗೆಯಬೇಕು. ಅಲ್ಲಿ ಹಾರೆ ಎತ್ತಿ ಕುಕ್ಕುವಂತಿಲ್ಲ. ಎಚ್ಚರಿಕೆಯ ಟೇಪ್ ಕಂಡರೆ ಕೆಲಸ ಬಂದ್. ಗ್ಯಾಸ್ ವಾಸನೆ ಬಂದರೆ ಎಂಜಿನ್ ಆರಿಸಿ ಎಲ್ಲರೂ ದೂರ ಹೋಗಬೇಕು, ಫೋನ್ ತೆಗೆಯೋದೂ ಅಲ್ಲಿಂದ ದೂರ ಹೋದ ಮೇಲೆ.

ಇಷ್ಟನ್ನು ಒಂದು ದಿನ ಹೇಳಿ ಸರ್ಟಿಫಿಕೇಟ್ ಹಂಚಿದರೆ ಸಾಕೇ? ನನಗೆ ಅನುಮಾನ. ಅಗೆತದ ಕೂಲಿ ಎಷ್ಟೋ ಕಡೆ ಮೀಟರ್ ಲೆಕ್ಕದಲ್ಲಿದೆ. ಕೈಯಿಂದ ಪರೀಕ್ಷಾ ಗುಂಡಿ ತೆಗೆದರೆ ಅರ್ಧ ದಿನ ಹೋಯ್ತು, ಕೂಲಿಯೂ ಹೋಯ್ತು. ‘ನಿಲ್ಲಿಸಿ’ ಅಂದವನಿಗೆ ಮಾರನೇ ದಿನ ಮೇಸ್ತ್ರಿ ಕೆಲಸ ಕೊಡ್ತಾನಾ? ಆದ್ದರಿಂದ ತರಬೇತಿಯ ದಿನದ ಕೂಲಿ, ಲೊಕೇಟರ್ ಬಾಡಿಗೆ, ಪರೀಕ್ಷಾ ಗುಂಡಿಯ ಖರ್ಚು, ಕೆಲಸ ನಿಂತ ಗಂಟೆಗಳ ಸಂಬಳ, ಎಲ್ಲವೂ ಟೆಂಡರಿನ ದರಪಟ್ಟಿಯಲ್ಲಿ ಬೇರೆ ಬೇರೆ ಬಾಬ್ತುಗಳಾಗಿ ಬರಬೇಕು. ರಸ್ತೆ ಅಗೆಸುವ ಪಾಲಿಕೆ, ಜಲಮಂಡಳಿ, ಬೆಸ್ಕಾಂ ಮುಂದಿನ ಟೆಂಡರ್ ಕರೆಯುವಾಗಲೇ ಅದನ್ನು ಸೇರಿಸಬಹುದು. ಅದಕ್ಕೆ ಹೊಸ ಆ್ಯಪ್ ಏನೂ ಬೇಕಿಲ್ಲ.