ಒಂದು ದಿನದ ಕಡಲ ಪ್ರವಾಸ: ವರ್ತಕರಿಗೊಂದು ಕಿವಿಮಾತು

ನಮ್ಮ ರಾಜ್ಯಕ್ಕೆ 300 ಕಿ.ಮೀ. ಮೀರಿದ ಕರಾವಳಿಯಿದ್ದರೂ ಮೈಸೂರಿಗೆ ಅತಿ ಸಮೀಪದ ಕಡಲು ಕೇರಳದ ಕಣ್ಣೂರಿನದು. ಮಂಗಳೂರು ಸುಮಾರು 250 ಕಿ.ಮೀ. ದೂರವಿದ್ದರೆ, ಹುಣಸೂರು, ಗೋಣಿಕೊಪ್ಪಲು, ವಿರಾಜಪೇಟೆ ಮಾರ್ಗವಾಗಿ ಕಣ್ಣೂರು 170ರ ಆಸುಪಾಸು. ಕುವೆಂಪುನಗರದಿಂದ ನಸುಕಿನಲ್ಲಿ ಹೊರಟ ಕುಟುಂಬವು ಹತ್ತು ಗಂಟೆಯ ವೇಳೆಗೆ ಮುಳಪ್ಪಿಲಂಗಾಡಿನ ಗಟ್ಟಿ ಮರಳಿನ ಮೇಲೆ ಕಾರನ್ನೇ ಓಡಿಸಬಹುದು. ವಾರಕ್ಕೊಂದೇ ರಜೆಯಿರುವ ನಮ್ಮಂತಹ ವರ್ತಕರಿಗೆ ಇದು ಭಾಗ್ಯವೇ ಸರಿ.

ಕೋಳಿಕ್ಕೋಡ್ ಮಾರ್ಗದ ಮಾತು ಬೇರೆ. ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವು 2009ರಿಂದಲೂ ಜಾರಿಯಲ್ಲಿದೆ. ಉಚ್ಚ ನ್ಯಾಯಾಲಯವು 2010ರಲ್ಲಿ ಅದನ್ನು ಎತ್ತಿಹಿಡಿದಿದೆ. ಇದು ವ್ಯಾಪಾರಕ್ಕೆ ಕಂಟಕವೆಂದು ನಮ್ಮಲ್ಲಿ ಹಲವರ ವಾದ. ನಾನೂ ಹಾಗೆಯೇ ಭಾವಿಸಿದ್ದೆ.

ಒಮ್ಮೆ ಶನಿವಾರ ತಡರಾತ್ರಿಯವರೆಗೆ ಸರಕು ಸಾಗಿಸಿದ್ದ ನಮ್ಮ ಚಾಲಕನನ್ನೇ ಭಾನುವಾರ ಕಡಲಿಗೆ ಕರೆದೊಯ್ದೆ. ಒಂಬತ್ತರೊಳಗೆ ಗೇಟು ದಾಟಬೇಕೆಂಬ ನನ್ನ ಒತ್ತಾಯಕ್ಕೆ ಆತ ಘಾಟಿಯಲ್ಲಿ ವೇಗ ಹೆಚ್ಚಿಸಿದ; ಒಂದು ತಿರುವಿನಲ್ಲಿ ಅವನಿಗೆ ತೂಕಡಿಕೆ ಬಂದಿತ್ತು. ದೈವಕೃಪೆಯಿಂದ ಉಳಿದೆವು. ಗೇಟು ಮುಚ್ಚಿತ್ತು, ಸುಲ್ತಾನ್ ಬತ್ತೇರಿಯಲ್ಲಿ ತಂಗಿದೆವು. ತಪ್ಪು ನಿಷೇಧದ್ದಲ್ಲ, ನನ್ನ ಲೆಕ್ಕಾಚಾರದ್ದು.

ಆದುದರಿಂದ ದಣಿದ ನೌಕರನನ್ನು ಪ್ರವಾಸಕ್ಕೆ ದುಡಿಸಬಾರದು. ಮಧ್ಯಾಹ್ನ ಮೂರಕ್ಕೆ ಮರಳಬೇಕು. ಮಳೆಗಾಲದಲ್ಲಿ ನೀರಿಗಿಳಿಯಬಾರದು. ದಾರಿಯ ಊರುಗಳ ವರ್ತಕರು ಶುಚಿಯಾದ ಶೌಚಾಲಯ, ಕುಡಿಯುವ ನೀರು, ನ್ಯಾಯವಾದ ಬಿಲ್ಲು ಒದಗಿಸಿದರೆ ಹಗಲಿನ ಪ್ರಯಾಣಿಕರೇ ಅವರ ಅಂಗಡಿ ತುಂಬಿಸುತ್ತಾರೆ. ಕಾಡಿನ ರಾತ್ರಿಯನ್ನು ಕಾಡಿಗೇ ಬಿಟ್ಟು ಹಗಲಿನ ವ್ಯಾಪಾರವನ್ನು ಬೆಳೆಸುವುದೇ ನಮಗೆ ಲಾಭದ ದಾರಿ.