ಹಲಗೆಗೂ ಮಳೆಗಾಲ ಗೊತ್ತು

ಆಷಾಢ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: ‘ಬಾಗಿಲು ಬಿಗಿದುಕೊಂಡಿದೆ, ಹಾಕಲಿಕ್ಕೂ ಆಗುವುದಿಲ್ಲ, ತೆಗೆಯಲಿಕ್ಕೂ ಆಗುವುದಿಲ್ಲ.’ ತಾಳ್ಮೆಗೆಟ್ಟವರು ಆಚಾರಿಯನ್ನು ಕರೆಸಿ ಅಂಚನ್ನು ಕೀಸಿಸುತ್ತಾರೆ. ಪುಷ್ಯ ಮಾಸದಲ್ಲಿ ಅದೇ ಬಾಗಿಲಿನ ಸಂದಿನಿಂದ ಬೆಳಕು ಇಣುಕುತ್ತದೆ. ಒಂದು ಬಾಗಿಲೇ ಇಷ್ಟು ಕಾಡಿಸಿದರೆ ಮೂರು ಕೋಣೆಗೆ ಹಾಸಿದ ಹಲಗೆಯ ನೆಲ ಎಷ್ಟು ಕಾಡಿಸಬಹುದು?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಹಳೆಯ ಚಿರೆಕಲ್ಲಿನ ಮನೆಗಳಲ್ಲಿ ಮಹಡಿಯ ನೆಲ ಹಲಗೆಯದು. ದುರಸ್ತಿಗೆ ಬಂದಾಗ ಹಲಗೆ ಕಿತ್ತು ಮಾರಿಬಿಡುವವರಿದ್ದಾರೆ. ಅದನ್ನೇ ಉಳಿಸಿಕೊಂಡು, ಕೊರತೆಗೆ ಹೊಸ ನಾಟಾ ತಂದು, ಮನೆಯವರೇ ಸೇರಿ ಹಾಸೋಣ ಎನ್ನುವವರೂ ಇದ್ದಾರೆ. ಒಳ್ಳೆಯ ಯೋಚನೆ. ಆದರೆ ಗರಗಸ ಎತ್ತುವ ಮುನ್ನ ನೋಟುಪುಸ್ತಕ ಎತ್ತಬೇಕು. ಹತ್ತಾರು ವರ್ಷ ಬೆಳೆದ ಮರದ ಹಲಗೆಯನ್ನು ಒಮ್ಮೆ ಗಿಡ್ಡ ಕೊಯ್ದರೆ ಮತ್ತೆ ಉದ್ದ ಮಾಡಲಾಗದು. ಈ ಲೆಕ್ಕದ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು.

ಮೊದಲು ಕಾರಣ ತಿಳಿಯೋಣ. ಮರವೆಂದರೆ ಉದ್ದುದ್ದ ಕೊಳವೆಗಳ ಕಟ್ಟು. ಗಾಳಿಯಲ್ಲಿ ತೇವ ಹೆಚ್ಚಿದಾಗ ನೀರಿನ ಕಣಗಳು ಕೊಳವೆಗಳ ಗೋಡೆಯೊಳಗೆ ಸೇರಿ ಎಳೆಗಳನ್ನು ಪಕ್ಕಕ್ಕೆ ದೂಡುತ್ತವೆ. ಹೀಗಾಗಿ ಹಲಗೆ ಉದ್ದದಲ್ಲಿ ಬಹುಮಟ್ಟಿಗೆ ಹಾಗೇ ಉಳಿದು ಅಗಲದಲ್ಲಿ ಹಿಗ್ಗುತ್ತದೆ. ಗಾಳಿ ಒಣಗಿದಾಗ ಮತ್ತೆ ಕುಗ್ಗುತ್ತದೆ. ಬಣ್ಣ, ವಾರ್ನಿಷ್ ಇದನ್ನು ನಿಧಾನಗೊಳಿಸುತ್ತವೆ ಅಷ್ಟೆ, ತಡೆಯುವುದಿಲ್ಲ.

ಎಷ್ಟು ಹಿಗ್ಗುತ್ತದೆ? ಸಾಮಾನ್ಯವಾಗಿ ಸೀಳಿದ ಸಾಗುವಾನಿ ಹಲಗೆಯ ತೇವಾಂಶ ಶೇ. 1ರಷ್ಟು ಏರಿದರೆ ಒಂದು ಮೀಟರ್ ಅಗಲಕ್ಕೆ ಸುಮಾರು 1.9 ಮಿ.ಮೀ. ಹೆಚ್ಚುತ್ತದೆ. ಒಣ ದಿನಗಳಲ್ಲಿ ಶೇ. 12 ಇದ್ದ ತೇವ ಮಳೆಗಾಲದಲ್ಲಿ ಶೇ. 18ಕ್ಕೆ ಏರಿತೆಂದು ಇಟ್ಟುಕೊಳ್ಳಿ. 4 ಅಂಗುಲದ ಒಂದು ಹಲಗೆ ಸುಮಾರು 1.1 ಮಿ.ಮೀ. ಹಿಗ್ಗುತ್ತದೆ. ‘ಇಷ್ಟೇನಾ?’ ಎನ್ನಬೇಡಿ. 12, 10 ಮತ್ತು 8 ಅಡಿಯ ಮೂರು ಕೋಣೆಗಳು ಒಂದೇ ಸಾಲಿನಲ್ಲಿವೆ. ಹಲಗೆಗಳನ್ನು ಆ ಸಾಲಿಗೆ ಅಡ್ಡವಾಗಿ ಹಾಸುತ್ತೀರಿ. ಒಟ್ಟು 30 ಅಡಿ, ಅಂದರೆ 90 ಹಲಗೆ. ಎಲ್ಲ ಕೂಡಿಸಿದರೆ ಸುಮಾರು 100 ಮಿ.ಮೀ. ಒಂದು ಇಡೀ ಹಲಗೆಯ ಅಗಲ! ಇದಕ್ಕೆ ಜಾಗ ಬಿಡದಿದ್ದರೆ ನೆಲವೇ ಗುಬ್ಬಿಯಂತೆ ಮೇಲೇಳುತ್ತದೆ.

ಆದ್ದರಿಂದ ಮೊದಲ ನಿಯಮ: ಮೂರು ಕೋಣೆಗೆ ಒಂದೇ ಹಾಸು ಬೇಡ. ಪ್ರತಿ ಬಾಗಿಲಲ್ಲೂ ನೆಲವನ್ನು ತುಂಡರಿಸಿ, ನಡುವಿನ ಸಂದಿನ ಮೇಲೆ ಒಂದು ಹೊಸ್ತಿಲು ಪಟ್ಟಿ ಕೂರಿಸಿ. ಆಯಾ ಕೋಣೆಯ ಹಿಗ್ಗು ಆಯಾ ಕೋಣೆಯಲ್ಲೇ ಮುಗಿಯಲಿ. ಸುತ್ತ ಗೋಡೆಯಿಂದ ಅರ್ಧ ಅಂಗುಲ ಬಿಡಿ. ಆ ಸಂದನ್ನು ಮುಚ್ಚುವ ಪಟ್ಟಿಯನ್ನು ಗೋಡೆಗೆ ಹೊಡೆಯಿರಿ, ಹಲಗೆಗಲ್ಲ. ಹಲಗೆ ಹಲಗೆಗಳ ನಡುವೆ ಎರಡು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದಿರಲಿ.

ಎರಡನೆಯದು ಕಾಲ. ಹೊನ್ನಾವರದ ವಾರ್ಷಿಕ ಮಳೆ 3000 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆಗಾಲದಲ್ಲಿ ಹಾಸಿದರೆ ಚಳಿಗಾಲಕ್ಕೆ ಸಂದು ಬಾಯಿ ಬಿಡುತ್ತದೆ. ಚಳಿಗಾಲದಲ್ಲಿ ಬಿಗಿಯಾಗಿ ಹಾಸಿದರೆ ಮಳೆಗಾಲಕ್ಕೆ ಉಬ್ಬುತ್ತದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತು ಮಧ್ಯಮ ಕಾಲ. ಆಗ ಹಲಗೆಯ ತೇವ ಶೇ. 15ರ ಆಸುಪಾಸಿನಲ್ಲಿದ್ದರೆ, 12 ಅಡಿಯ ಕೋಣೆ ಮಳೆಗಾಲದಲ್ಲಿ ಹಿಗ್ಗುವುದು ಸುಮಾರು 20 ಮಿ.ಮೀ. ಎರಡೂ ಗೋಡೆಯ ಬಳಿ ಬಿಟ್ಟ ಜಾಗ 25 ಮಿ.ಮೀ. ಲೆಕ್ಕ ಸರಿಹೋಯಿತು.

ತೇವ ಅಳೆಯುವುದು ಹೇಗೆ? ಹಲಗೆಯ ಒಂದು ತುಂಡು ತೂಗಿ. ಶಾಲೆಯ ಪ್ರಯೋಗಾಲಯದ ಒಲೆಯಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಮೊದಲು 575 ಗ್ರಾಂ, ಒಣಗಿದ ಮೇಲೆ 500 ಗ್ರಾಂ ಬಂದರೆ ಹೋದ ನೀರು 75 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ಶೇ. 15. ಒಲೆ ಇಲ್ಲದಿದ್ದರೆ ಇನ್ನೊಂದು ದಾರಿ: ಹಲಗೆಗಳನ್ನು ಹಾಸಬೇಕಾದ ಕೋಣೆಯಲ್ಲೇ ನಡುವೆ ಕಡ್ಡಿಪಟ್ಟಿ ಇಟ್ಟು ಅಟ್ಟಿ ಹಾಕಿ. ಒಂದು ತುಂಡನ್ನು ಎರಡು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಸ್ಥಿರವಾದರೆ ಹಲಗೆ ಆ ಕೋಣೆಯ ಗಾಳಿಗೆ ಒಗ್ಗಿತು ಎಂದರ್ಥ.

ಮೂರನೆಯದು ಮೂಲೆಮಟ್ಟ. ಹಳೆಯ ಗೋಡೆಗಳು ನೇರ ಎಂದು ನಂಬಬೇಡಿ. ಗೋಡೆಗೆ ಒತ್ತಿ ಮೊದಲ ಸಾಲು ಹಾಸಿದರೆ ಗೋಡೆಯ ಸೊಟ್ಟ ಕೊನೆಯ ಸಾಲಿನವರೆಗೂ ಬರುತ್ತದೆ. ಬದಲಿಗೆ ಮೂರೂ ಕೋಣೆಗಳ ಬಾಗಿಲ ಮೂಲಕ ಒಂದೇ ದಾರ ಎಳೆದು ಕಟ್ಟಿ. ದಾರದ ಮೇಲೆ ಒಂದು ಬಿಂದುವಿನಿಂದ 6 ಅಡಿ ಗುರುತಿಸಿ. ಅದೇ ಬಿಂದುವಿನಿಂದ ಪಕ್ಕಕ್ಕೆ 8 ಅಡಿಯ ಇನ್ನೊಂದು ದಾರ ಹಿಡಿಯಿರಿ. ಎರಡು ತುದಿಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಅದು ಲಂಬಕೋನ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪೈಥಾಗೊರಸನ ಪ್ರಮೇಯ ಇಲ್ಲಿ ದುಡ್ಡು ಉಳಿಸುತ್ತದೆ! ಹಲಗೆಗಳು ಈ ಎರಡನೆಯ ದಾರಕ್ಕೆ ಸಮಾನಾಂತರವಾಗಿರಲಿ. ಒಂದು ಎಚ್ಚರಿಕೆ: ಮಹಡಿಯ ಹಲಗೆ ಕೆಳಗಿನ ತೊಲೆಗಳಿಗೆ ಅಡ್ಡವಾಗಿಯೇ ಬರಬೇಕು. ದಿಕ್ಕು ನಿರ್ಧರಿಸುವ ಮೊದಲು ತೊಲೆ ನೋಡಿ.

ನಾಲ್ಕನೆಯದು ಕೊನೆಯ ಸಾಲು. ನಡುವಿನ ಕೋಣೆ 10 ಅಡಿ ಎಂದುಕೊಂಡದ್ದು ಅಳೆದಾಗ 9 ಅಡಿ 10 ಅಂಗುಲ, ಅಂದರೆ 118 ಅಂಗುಲ ಬಂತೆನ್ನಿ. ಗೋಡೆಯ ಸಂದಿಗೆ ಒಂದು ಅಂಗುಲ ಕಳೆದರೆ 117. 4ರಿಂದ ಭಾಗಿಸಿದರೆ 29 ಹಲಗೆ, ಶೇಷ 1. ಒಂದಂಗುಲದ ಸೀಳು ಹಲಗೆ ನಿಲ್ಲುವುದಿಲ್ಲ, ಚೆಂದವೂ ಅಲ್ಲ. ಬದಲಿಗೆ 28 ಪೂರ್ಣ ಹಲಗೆ ಹಾಕಿ, ಉಳಿದ 5 ಅಂಗುಲವನ್ನು ಎರಡು ಬದಿಗೆ ಎರಡೂವರೆಯಂತೆ ಹಂಚಿ. (ಪೋಸ್ಟ್‌ಕಾರ್ಡಿನ ಸಂದುಗಳು ಸೇರಿ ಅಳತೆ ತುಸು ಜರುಗುತ್ತದೆ, ಅಂಚಿನ ಹಲಗೆಯನ್ನು ಕೊನೆಗೇ ಕೊಯ್ಯಿರಿ.)

ಇನ್ನು ನಾಟಾದ ಲೆಕ್ಕ. ಮೂರೂ ಕೋಣೆಗಳು 10 ಅಡಿ ಅಗಲವಿದ್ದರೆ ಒಟ್ಟು 300 ಚದರ ಅಡಿ. ಕೊಯ್ತದ ನಷ್ಟಕ್ಕೆ ಶೇ. 10 ಸೇರಿಸಿ, 330. ಒಂದಂಗುಲ ದಪ್ಪವೆಂದರೆ 12ರಿಂದ ಭಾಗಿಸಿ, 27.5 ಘನ ಅಡಿ. ಇದು ಕೊಯ್ದ ಹಲಗೆಯ ಲೆಕ್ಕ. ಕೀಸಿದ ಮೇಲೆ ದಪ್ಪ ಕಡಿಮೆಯಾಗುತ್ತದೆ. ಕೊಳ್ಳುವಾಗ ರಸೀದಿ, ಸಾಗಿಸುವಾಗ ಬೇಕಾದ ಪರವಾನಿಗೆ ಕೇಳಿ ಪಡೆಯಿರಿ. ಹಳೆಯ ಹಲಗೆಯಾದರೆ ಮೊಳೆ ಕಿತ್ತು, ವರಲೆ ಹತ್ತಿದೆಯೇ ಎಂದು ತಟ್ಟಿ ನೋಡಿ. ಕಡಲ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುವುದರಿಂದ ಹಿತ್ತಾಳೆ ಅಥವಾ ತುಕ್ಕುರಹಿತ ಉಕ್ಕಿನ ತಿರುಪು ಮೊಳೆ ಒಳಿತು.

ಕೆಳಗಿನ ಕೋಣೆಗೂ ಹಲಗೆ ಹಾಸೋಣವೇ ಎಂದು ಕೆಲವರು ಕೇಳುತ್ತಾರೆ. ಹಿರಿಯರು ಹಲಗೆಯನ್ನು ಮಹಡಿಗೆ ಇಟ್ಟು, ಕೆಳಗೆ ಗಾರೆಯನ್ನೋ ಸಗಣಿ ಸಾರಿಸಿದ ನೆಲವನ್ನೋ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಮಹಡಿಯ ಹಲಗೆಗೆ ಮೇಲೂ ಕೆಳಗೂ ಗಾಳಿ ಆಡುತ್ತದೆ. ಕೆಳನೆಲದಲ್ಲಿ ಮಣ್ಣಿನ ತೇವ ಕೆಳಗಿನಿಂದ ಏರುತ್ತದೆ. ಒಂದೇ ಮೈ ಒದ್ದೆಯಾದ ಹಲಗೆ ದೋಣಿಯಂತೆ ಬಾಗುತ್ತದೆ. ಪರೀಕ್ಷಿಸಬೇಕೇ? ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ. ಎರಡು ದಿನದ ಮೇಲೆ ಒಳಮೈಯಲ್ಲಿ ಹನಿ ಕಂಡರೆ ಅಲ್ಲಿ ಹಲಗೆಯ ಆಸೆ ಬಿಡಿ.

ಹೆತ್ತವರಿಗೆ ಒಂದು ಮಾತು. ಯಂತ್ರದ ಗರಗಸ ಮಕ್ಕಳ ಕೈಗೆ ಬೇಡ; ಅದು ದೊಡ್ಡವರ, ಆಚಾರಿಯ ಕೆಲಸ. ಆದರೆ ಟೇಪು, ದಾರ, ತಕ್ಕಡಿ, ಪೆನ್ಸಿಲ್ಲು ಅವರ ಕೈಯಲ್ಲಿರಲಿ. ಅವರು ಹಾಕಿದ ಲೆಕ್ಕದಂತೆಯೇ ಹಲಗೆ ಕೊಯ್ಯಿರಿ. ತಾವು ಮಾಡಿದ ಭಾಗಾಕಾರದ ಮೇಲೆ ಮನೆಯವರೆಲ್ಲ ನಡೆದಾಡುತ್ತಾರೆ ಎಂದು ತಿಳಿದ ಹುಡುಗ, ಹುಡುಗಿ ಉತ್ತರವನ್ನು ಎರಡು ಸಲ ತಾಳೆ ನೋಡಿಯೇ ನೋಡುತ್ತಾರೆ.

ಇಂದೇ ಆರಂಭಿಸಬಹುದಾದ ಕೆಲಸ: ನಿಮ್ಮ ಮನೆಯ ಒಂದು ಮರದ ಬಾಗಿಲಿನ ಅಗಲವನ್ನು ಒಂದೇ ಜಾಗದಲ್ಲಿ ತಿಂಗಳಿಗೊಮ್ಮೆ ಅಳೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ವರ್ಷ ತುಂಬಿದಾಗ ನಿಮ್ಮೂರಿನ ಮಳೆಗಾಲದ ನಕ್ಷೆ ಮಿಲಿಮೀಟರಿನಲ್ಲಿ ನಿಮ್ಮ ಕಣ್ಣ ಮುಂದಿರುತ್ತದೆ.